ಪೋರ್ಟ್ ತೆರೆದಿದೆಯೇ ಎಂದು ಕೇಳುವ ಮೊದಲು

‘ಸರ್ವರ್ ಕನೆಕ್ಟ್ ಆಗ್ತಿಲ್ಲ’ ಎಂದು ಯಾರಾದರೂ ಬಂದರೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ತೆರೆಯ ಮೇಲೆ ಏನು ಬಂತು, ಪದ ಬಿಡದೆ ಹೇಳಿ. ಅದು ಬರಲು ಎಷ್ಟು ಹೊತ್ತು ಹಿಡಿಯಿತು? ಮೊದಲನೆಯದಕ್ಕೆ ಹೆಚ್ಚಿನವರು ‘ಏನೋ ಎರರ್ ಬಂತು’ ಎನ್ನುತ್ತಾರೆ. ಎರಡನೆಯದನ್ನು ಗಮನಿಸಿರುವುದೇ ಇಲ್ಲ. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸಂಪರ್ಕ ಯಾವ ರೀತಿಯಲ್ಲಿ ಸೋತಿತೋ ಆ ರೀತಿಯಲ್ಲೇ ಕಾರಣದ ಸುಳಿವು ಇರುತ್ತದೆ. ಅದನ್ನು ಓದುವ ಮೊದಲೇ ಫೈರ್‌ವಾಲ್ (ಯಾರನ್ನು ಒಳಬಿಡಬೇಕೆಂದು ನೋಡುವ ಕಾವಲು) ಆಫ್ ಮಾಡಿ, ಸರ್ವರ್ ರೀಸ್ಟಾರ್ಟ್ ಮಾಡಿ, ಕಾನ್ಫಿಗರೇಷನ್ ಫೈಲಿನ ನಾಲ್ಕು ಸಾಲು ಬದಲಿಸಿದರೆ ಆ ಸುಳಿವು ಅಳಿಸಿಹೋಗುತ್ತದೆ. ಆಮೇಲೆ ಸರಿಯಾದರೂ ಏಕೆ ಸರಿಯಾಯಿತೆಂದು ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಬೇರಿನಿಂದ ನೋಡೋಣ. ಎರಡು ಯಂತ್ರಗಳು ಮಾತಾಡಲು ಬಳಸುವ ಟಿಸಿಪಿ ಎಂಬ ನಿಯಮದಂತೆ ಸಂಪರ್ಕ ಹುಟ್ಟಲು ಮೂರು ಪ್ಯಾಕೆಟ್, ಅಂದರೆ ಮಾಹಿತಿಯ ಮೂರು ಪುಟ್ಟ ತುಣುಕು, ಬೇಕು. ಕ್ಲೈಂಟ್ ‘ಸಿನ್’ ಕಳಿಸುತ್ತದೆ, ಸರ್ವರ್ ‘ಸಿನ್-ಆ್ಯಕ್’ ಎನ್ನುತ್ತದೆ, ಕ್ಲೈಂಟ್ ‘ಆ್ಯಕ್’ ಎಂದು ಮುಗಿಸುತ್ತದೆ. 1981ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 793 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಇದನ್ನು ಬರೆದಿಟ್ಟಿತು. 2022ರಲ್ಲಿ ಆರ್‌ಎಫ್‌ಸಿ 9293 ಅದರ ಜಾಗಕ್ಕೆ ಬಂದರೂ ಈ ಮೂರು ಹೆಜ್ಜೆ ಬದಲಾಗಲಿಲ್ಲ. ಈಗ ಮೊದಲ ಸಿನ್ ಹೊರಟಿದೆ ಎಂದುಕೊಳ್ಳಿ. ಅದಕ್ಕೆ ಸಿನ್-ಆ್ಯಕ್ ಬರಬಹುದು. ‘ರೀಸೆಟ್’ ಎಂಬ ಖಡಾಖಂಡಿತ ‘ಇಲ್ಲ’ ಬರಬಹುದು. ದಾರಿಯಲ್ಲಿರುವ ಯಾವುದೋ ರೂಟರ್ ‘ಅಲ್ಲಿಗೆ ಹೋಗಲು ಆಗದು’ ಎಂದು ಐಸಿಎಂಪಿ (ನೆಟ್‌ವರ್ಕಿನ ಸ್ಥಿತಿ, ತೊಂದರೆ ತಿಳಿಸಲು ಇರುವ ಬಗೆ) ಸಂದೇಶ ಕಳಿಸಬಹುದು. ಇಲ್ಲವೇ ಏನೂ ಬರದೇ ಇರಬಹುದು. ನಿಮ್ಮ ತೆರೆಯ ಮೇಲೆ ಕಾಣುವ ಎರರ್ ಈ ನಾಲ್ಕರಲ್ಲಿ ಯಾವುದು ಆಯಿತು ಎಂಬುದರ ವರದಿ.

‘ಕನೆಕ್ಷನ್ ರೆಫ್ಯೂಸ್ಡ್’ ಎಂಬುದನ್ನು ಕಂಡರೆ ಜನ ಗಾಬರಿಯಾಗುತ್ತಾರೆ. ನನಗೆ ಅದು ಸಮಾಧಾನ ಕೊಡುವ ಎರರ್. ನಿಮ್ಮ ಪ್ಯಾಕೆಟ್ ಹೋಗಿ ಮುಟ್ಟಿತು, ಆ ಕಡೆಯಿಂದ ಉತ್ತರ ಹೊರಟು ವಾಪಸ್ಸು ನಿಮ್ಮವರೆಗೆ ಬಂತು. ಹೋಗುವ ದಾರಿ ಸರಿ, ಬರುವ ದಾರಿಯೂ ಸರಿ. ಆ ಪೋರ್ಟಿನಲ್ಲಿ, ಅಂದರೆ ಪ್ರೋಗ್ರಾಂ ಕಾದು ಕೂರುವ ಆ ಸಂಖ್ಯೆಯ ಬಾಗಿಲಲ್ಲಿ, ಮಾತ್ರ ಯಾರೂ ಕೂತಿಲ್ಲ, ಅಷ್ಟೆ. ಅದಕ್ಕೇ ಈ ಎರರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಹೀಗೆ ಬಂದಾಗ ನೆಟ್‌ವರ್ಕ್ ತಂಡಕ್ಕೆ ಫೋನ್ ಮಾಡಬೇಡಿ, ಮೊದಲು ಸರ್ವರಿಗೇ ಹೋಗಿ ನೋಡಿ.

ಒಂದು ಪ್ರಸಂಗ ಹೇಳುತ್ತೇನೆ. ನಾನಿದ್ದ ಒಂದು ತಂಡದಲ್ಲಿ ಡೇಟಾಬೇಸನ್ನು ಹೊಸ ಯಂತ್ರಕ್ಕೆ ಸಾಗಿಸಿದ್ದೆವು. ಅಪ್ಲಿಕೇಷನ್ ಸರ್ವರಿನಿಂದ ಕನೆಕ್ಟ್ ಮಾಡಿದರೆ ರೆಫ್ಯೂಸ್ಡ್. ಬೆಳಗಿನಿಂದ ಮಧ್ಯಾಹ್ನದವರೆಗೆ ಫೈರ್‌ವಾಲಿನ ನಿಯಮಗಳನ್ನು ಒಂದೊಂದಾಗಿ ತೆಗೆದು ನೋಡಿದೆವು, ನಾನೂ ಅದರಲ್ಲಿ ಕೈಜೋಡಿಸಿದ್ದೆ. ಡೇಟಾಬೇಸ್ ಓಡುತ್ತಿದೆ ಎಂದು ಎಲ್ಲರಿಗೂ ಖಾತ್ರಿಯಿತ್ತು, ಏಕೆಂದರೆ ಆ ಯಂತ್ರದ ಒಳಗೇ ಲಾಗಿನ್ ಆಗಿ ನೋಡಿದರೆ ಚೆನ್ನಾಗಿ ಉತ್ತರ ಕೊಡುತ್ತಿತ್ತು. ಕೊನೆಗೆ ಒಬ್ಬರು ‘ಎಸ್‌ಎಸ್’ ಕಮಾಂಡಿಗೆ ಎಲ್, ಟಿ, ಎನ್, ಪಿ ಎಂಬ ನಾಲ್ಕು ಆಯ್ಕೆ ಕೊಟ್ಟು ಓಡಿಸಿದರು. ಲಿಸನ್ ಮಾಡುತ್ತಿರುವ ಟಿಸಿಪಿ ಪೋರ್ಟುಗಳು, ಅವುಗಳ ವಿಳಾಸ, ಹಿಂದಿರುವ ಪ್ರೋಗ್ರಾಂ, ಎಲ್ಲವೂ ಅದರಲ್ಲಿ ಕಾಣುತ್ತದೆ. ಡೇಟಾಬೇಸಿನ ಸಾಲಿನಲ್ಲಿ ಇದ್ದದ್ದು 127.0.0.1. ಅಂದರೆ ಅದು ತನ್ನ ಯಂತ್ರದ ಒಳಗಿನವರಿಗೆ ಮಾತ್ರ ಕಿವಿಗೊಟ್ಟಿತ್ತು. ಹೊರಗಿನಿಂದ ಬಂದ ಸಿನ್‌ಗೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ನ್ಯಾಯವಾಗಿಯೇ ರೀಸೆಟ್ ಕಳಿಸಿತ್ತು. ಎರರ್ ನಮಗೆ ಬೆಳಗ್ಗೆಯೇ ಎಲ್ಲ ಹೇಳಿತ್ತು, ನಾವು ಕೇಳಿಸಿಕೊಂಡಿರಲಿಲ್ಲ.

ಆ ವಿಳಾಸದ ಕಾಲಂ ಓದುವುದನ್ನು ರೂಢಿ ಮಾಡಿಕೊಳ್ಳಿ. 0.0.0.0 ಎಂದಿದ್ದರೆ ಯಂತ್ರದ ಎಲ್ಲ ಐಪಿವಿ4 ವಿಳಾಸಗಳಲ್ಲೂ ಲಿಸನ್ ಮಾಡುತ್ತಿದೆ. 127.0.0.1 ಎಂದಿದ್ದರೆ ಒಳಗಿನವರಿಗೆ ಮಾತ್ರ. ನಿರ್ದಿಷ್ಟ ಐಪಿ ಇದ್ದರೆ ಆ ವಿಳಾಸಕ್ಕೆ ಬಂದವರಿಗೆ ಮಾತ್ರ. ಡಾಕರ್ ಬಳಸುವವರು ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಡಾಕರಿನಲ್ಲಿ ಪ್ರೋಗ್ರಾಂ ಓಡುವ ಪ್ರತ್ಯೇಕ ಪೆಟ್ಟಿಗೆಯಾದ ಕಂಟೇನರಿಗೆ ತನ್ನದೇ 127.0.0.1 ಇರುತ್ತದೆ. ಒಳಗಿನ ಪ್ರೋಗ್ರಾಂ ಅದಕ್ಕೆ ಅಂಟಿಕೊಂಡಿದ್ದರೆ ಹೊರಗಿನಿಂದ ಎಷ್ಟು ಪೋರ್ಟ್ ಪಬ್ಲಿಷ್ ಮಾಡಿದರೂ ಒಳಗೆ ಕೇಳುವವರಿಲ್ಲ. ಆದರೆ ರೆಫ್ಯೂಸ್ಡ್ ನಿಂತರೆ ಸಾಕೆಂದು ಎಲ್ಲವನ್ನೂ 0.0.0.0 ಮಾಡಿಬಿಡುವುದೂ ತಪ್ಪು. ಪಾಸ್‌ವರ್ಡ್ ಇಲ್ಲದ ಡೇಟಾಬೇಸನ್ನು ಹಾಗೆ ಇಂಟರ್ನೆಟ್ಟಿಗೆ ತೆರೆದಿಟ್ಟವರು ಎಷ್ಟೋ ಮಂದಿ. ಯಾವ ವಿಳಾಸಕ್ಕೆ ಬೇಕೋ ಅದಕ್ಕಷ್ಟೇ ತೆರೆಯಿರಿ.

ಇನ್ನು ಮೌನ. ಕರ್ಸರ್ ಮಿನುಗುತ್ತಾ ನಿಂತಿರುತ್ತದೆ, ಬಹಳ ಹೊತ್ತಿನ ಮೇಲೆ ‘ಕನೆಕ್ಷನ್ ಟೈಮ್ಡ್ ಔಟ್’. ಎಷ್ಟು ಹೊತ್ತು? 6.5ಕ್ಕಿಂತ ಹಿಂದಿನ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ಸಿನ್ ಕಳಿಸಿ 1 ಸೆಕೆಂಡ್ ಕಾಯುತ್ತದೆ, ಮತ್ತೆ ಕಳಿಸಿ 2 ಸೆಕೆಂಡ್, ಆಮೇಲೆ 4, 8, 16, 32, 64. ಮೊದಲ ಸಿನ್ ಮತ್ತು 6 ಮರುಪ್ರಯತ್ನ ಸೇರಿ ಒಟ್ಟು 127 ಸೆಕೆಂಡ್. 6.5ರಿಂದ ಈಚೆಗೆ ಆರಂಭದಲ್ಲಿ 1 ಸೆಕೆಂಡಿನ ಪ್ರಯತ್ನಗಳು ಹೆಚ್ಚಿರುವುದರಿಂದ 131. ನಿಮ್ಮ ಪ್ರೋಗ್ರಾಂ ಸರಿಯಾಗಿ ಅಷ್ಟೇ ಸೆಕೆಂಡಿಗೆ ಕೈಚೆಲ್ಲಿದರೆ, ಕರ್ನಲ್ ತನ್ನ ಪ್ರಯತ್ನವನ್ನೆಲ್ಲ ಮುಗಿಸಿತು, ಒಂದು ಉತ್ತರವೂ ಬರಲಿಲ್ಲ ಎಂದರ್ಥ. ಸರಿಯಾಗಿ 5ಕ್ಕೆ, 10ಕ್ಕೆ, 30ಕ್ಕೆ ನಿಂತರೆ ಅದು ಬಹುಮಟ್ಟಿಗೆ ಅಪ್ಲಿಕೇಷನ್ನಿನ ಸ್ವಂತ ಟೈಮ್‌ಔಟ್. ಗಡಿಯಾರ ನೋಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ‘ಟೈಮ್ ಹಾಕಿ ಓಡಿಸಿದೆ, 127 ಬಂತು’ ಎಂದು ಒಬ್ಬರು ಬಂದು ಹೇಳಿದರೆ ಮುಂದಿನ ಮಾತು ಬೇಗ ಮುಗಿಯುತ್ತದೆ.

ಮೌನಕ್ಕೆ ಕಾರಣ ಸಾಮಾನ್ಯವಾಗಿ ಪ್ಯಾಕೆಟನ್ನು ಸದ್ದಿಲ್ಲದೆ ಬಿಸಾಡುವ ಫೈರ್‌ವಾಲ್. ಕ್ಲೌಡ್ ಸೇವೆಗಳಲ್ಲಿ ಸೆಕ್ಯುರಿಟಿ ಗ್ರೂಪ್ ಮಾಡುವುದೂ ಇದನ್ನೇ. ವಿಳಾಸವೇ ತಪ್ಪಾಗಿ ಆ ಐಪಿಯಲ್ಲಿ ಯಂತ್ರವೇ ಇಲ್ಲದಿರಬಹುದು, ಅಥವಾ ಸಿನ್ ಬಂದ ದಾರಿಯೂ ಉತ್ತರ ಹೋಗಬೇಕಾದ ದಾರಿಯೂ ಬೇರೆಬೇರೆಯಾಗಿ ಪ್ಯಾಕೆಟ್ ಕಳೆದುಹೋಗಿರಬಹುದು. ಈ ಕೊನೆಯದು ನನ್ನನ್ನು ಒಮ್ಮೆ ಎರಡು ದಿನ ಕಾಡಿತು, ಅದನ್ನು ಆಮೇಲೆ ಹೇಳುತ್ತೇನೆ.

ಇಲ್ಲೊಂದು ಎಚ್ಚರಿಕೆ. ನಾನೀಗ ಹೇಳಿದ ವಿಂಗಡಣೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಫೈರ್‌ವಾಲ್ ಬಿಸಾಡುವ ಬದಲು ‘ರಿಜೆಕ್ಟ್’ ಕೂಡ ಮಾಡಬಹುದು. ಲಿನಕ್ಸಿನ ಐಪಿಟೇಬಲ್ಸ್ ರಿಜೆಕ್ಟ್ ಮಾಡಿದರೆ, ಬೇರೆ ಏನೂ ಹೇಳದಿದ್ದರೆ, ‘ಪೋರ್ಟ್ ಅನ್‌ರೀಚಬಲ್’ ಎಂಬ ಐಸಿಎಂಪಿ ಹೋಗುತ್ತದೆ, ಲಿನಕ್ಸ್ ಕ್ಲೈಂಟ್ ಅದನ್ನೂ ರೆಫ್ಯೂಸ್ಡ್ ಎಂದೇ ತೋರಿಸುತ್ತದೆ. ಆದ್ದರಿಂದ ಸರ್ವರಿನಲ್ಲಿ ಎಲ್ಲವೂ ಸರಿಯಾಗಿ ಲಿಸನ್ ಮಾಡುತ್ತಿದ್ದೂ ರೆಫ್ಯೂಸ್ಡ್ ಬಂದರೆ ಆ ಯಂತ್ರದ ಫೈರ್‌ವಾಲನ್ನು ಅನುಮಾನಿಸಿ. ಇನ್ನು ‘ನೋ ರೂಟ್ ಟು ಹೋಸ್ಟ್’. ಹೆಸರು ಕೇಳಿದರೆ ರೂಟಿಂಗ್ ಕೆಟ್ಟಿದೆ ಎನಿಸುತ್ತದೆ. ಎಷ್ಟೋ ಸಲ ರೂಟಿಂಗ್ ಚೆನ್ನಾಗಿಯೇ ಇರುತ್ತದೆ, ಫೈರ್‌ವಾಲ್ ‘ಹೋಸ್ಟ್ ಪ್ರೊಹಿಬಿಟೆಡ್’ ಎಂಬ ಬಗೆಯ ಐಸಿಎಂಪಿ ಕಳಿಸಿರುತ್ತದೆ. ಒಂದೇ ಯಂತ್ರದ 22ನೇ ಪೋರ್ಟಿಗೆ ಹೋಗಲು ಆಗಿ, 8080ಕ್ಕೆ ‘ನೋ ರೂಟ್’ ಬಂದರೆ ಯೋಚಿಸಿ ನೋಡಿ: ದಾರಿ ಇಲ್ಲದಿದ್ದರೆ 22ಕ್ಕೆ ಹೇಗೆ ಹೋದಿರಿ?

ಇದನ್ನೆಲ್ಲ ಹೇಳುವಾಗ ಒಮ್ಮೆ ಒಬ್ಬರು ಕೇಳಿದರು: ‘ಪಿಂಗ್ ಬರುತ್ತಿದೆಯಲ್ಲ ಸರ್, ಹಾಗಾದರೆ ನೆಟ್‌ವರ್ಕ್ ಸರಿ ಇದೆ ಅಂತಲ್ಲವೇ?’ ಒಳ್ಳೆಯ ಪ್ರಶ್ನೆ. ಯಂತ್ರ ಉತ್ತರಿಸುತ್ತದೆಯೇ ಎಂದು ಕೂಗಿ ನೋಡುವ ಪಿಂಗ್ ಬಳಸುವುದು ಐಸಿಎಂಪಿ, ನಿಮ್ಮ ಪ್ರೋಗ್ರಾಂ ಬಳಸುವುದು ಟಿಸಿಪಿಯ ಒಂದು ನಿರ್ದಿಷ್ಟ ಪೋರ್ಟ್. ಫೈರ್‌ವಾಲ್ ಇವೆರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ಪಿಂಗ್ ಬಂದರೆ ಐಪಿ ಮಟ್ಟದಲ್ಲಿ ದಾರಿ ಇದೆ ಎಂದಷ್ಟೇ ಗೊತ್ತಾಗುತ್ತದೆ, ಪೋರ್ಟಿನ ಬಗ್ಗೆ ಒಂದಕ್ಷರವೂ ಗೊತ್ತಾಗುವುದಿಲ್ಲ. ಪಿಂಗ್ ಬರದಿದ್ದರೆ ಅದೂ ಗೊತ್ತಾಗುವುದಿಲ್ಲ, ಏಕೆಂದರೆ ಐಸಿಎಂಪಿಯನ್ನು ಮುಚ್ಚಿಟ್ಟ ಸರ್ವರುಗಳು ಬೇಕಾದಷ್ಟಿವೆ. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಒಂದು ನೆಟ್‌ವರ್ಕ್ ತೊಂದರೆ ಹುಡುಕುವಾಗ ಈ ಪುಟ್ಟ ಪ್ರೋಗ್ರಾಂ ಬರೆದರು, ಜಲಾಂತರ್ಗಾಮಿಗಳ ಸೋನಾರ್ ಹೊರಡಿಸುವ ಸದ್ದಿನ ಹೆಸರನ್ನೇ ಅದಕ್ಕಿಟ್ಟರು. ಹೆಸರು ಎಷ್ಟು ಸರಿ ನೋಡಿ. ಸೋನಾರಿನ ಪ್ರತಿಧ್ವನಿಯಿಂದ ನೀರಿನಲ್ಲಿ ಏನೋ ಇದೆ ಎಂದು ತಿಳಿಯುತ್ತದೆಯೇ ಹೊರತು ಅದರ ಯಾವ ಬಾಗಿಲು ತೆರೆದಿದೆ ಎಂದು ತಿಳಿಯುವುದಿಲ್ಲ.

ಹಾಗಾದರೆ ಪೋರ್ಟನ್ನು ಪರೀಕ್ಷಿಸಲು ಪೋರ್ಟನ್ನೇ ತಟ್ಟಬೇಕು. ಲಿನಕ್ಸ್, ಮ್ಯಾಕ್‌ಗಳಲ್ಲಿ ನೆಟ್‌ಕ್ಯಾಟ್, ಅಂದರೆ ‘ಎನ್‌ಸಿ’ ಇದೆ. ವಿ ಮತ್ತು ಝಡ್ ಆಯ್ಕೆ ಕೊಟ್ಟು ಹೋಸ್ಟ್ ಹೆಸರು, ಪೋರ್ಟ್ ಸಂಖ್ಯೆ ಬರೆದರೆ ಸಂಪರ್ಕ ಸಾಧಿಸಿ ಹೇಳಿಬಿಡುತ್ತದೆ. ವಿಂಡೋಸಿನ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ಗೆ ಪೋರ್ಟ್ ಕೊಡಿ. ಹಳಬರು ಟೆಲ್ನೆಟ್ ಬಳಸುತ್ತಾರೆ. ಅದು ಈಗ ವಿಂಡೋಸಿನಲ್ಲಿ ತಾನಾಗಿ ಬರುವುದಿಲ್ಲ, ಆನ್ ಮಾಡಿಕೊಳ್ಳಬೇಕು. ಕಂಟೇನರಿನ ಒಳಗೆ ಇವು ಯಾವುದೂ ಇಲ್ಲದಿದ್ದಾಗ ಬ್ಯಾಶ್ ಇದ್ದರೂ ಸಾಕು, ಅದರ ‘/ಡೆವ್/ಟಿಸಿಪಿ/’ ಎಂಬ ಹಾದಿಗೆ ಹೋಸ್ಟ್ ಮತ್ತು ಪೋರ್ಟ್ ಸೇರಿಸಿ ತೆರೆದರೆ ಅದೇ ಸಂಪರ್ಕಕ್ಕೆ ಯತ್ನಿಸುತ್ತದೆ. ಉಪಕರಣ ಯಾವುದಾದರೂ ಆಗಲಿ, ಪರೀಕ್ಷೆಯನ್ನು ಯಾವ ಯಂತ್ರದಿಂದ ಮಾಡುತ್ತೀರಿ ಎಂಬುದು ಅದಕ್ಕಿಂತ ದೊಡ್ಡ ಮಾತು. ಸೋಲುತ್ತಿರುವುದು ಅಪ್ಲಿಕೇಷನ್ ಸರ್ವರಿನಿಂದ, ನೀವು ಪರೀಕ್ಷಿಸುವುದು ನಿಮ್ಮ ಲ್ಯಾಪ್‌ಟಾಪಿನಿಂದ. ‘ನನಗೆ ಕನೆಕ್ಟ್ ಆಗ್ತಿದೆಯಲ್ಲ’ ಎಂಬ ಮಾತಿನಿಂದ ಎಷ್ಟು ಗಂಟೆಗಳು ಹಾಳಾಗಿವೆಯೋ! ಫೈರ್‌ವಾಲ್ ನಿಯಮಗಳು ಎಲ್ಲಿಂದ ಬಂದಿರಿ ಎಂದು ನೋಡಿಯೇ ಒಳಗೆ ಬಿಡುತ್ತವೆ. ಅದೇ ಯಂತ್ರದಿಂದ, ಕಂಟೇನರ್ ಆದರೆ ಅದೇ ಕಂಟೇನರಿನ ಒಳಗಿನಿಂದ, ಸಾಧ್ಯವಾದರೆ ಅದೇ ಯೂಸರ್ ಆಗಿ ಪರೀಕ್ಷಿಸಿ.

ಪೋರ್ಟ್ ಸಂಖ್ಯೆಗಳ ಬಗ್ಗೆ ಒಂದು ಮಾತು, ಸ್ವಲ್ಪ ವಿಷಯಾಂತರವೇ ಆದರೂ ನನಗೆ ಇಷ್ಟವಾದ ಕಥೆ. ಪೋರ್ಟ್ ಎಂಬುದು 16 ಬಿಟ್‌ನ ಒಂದು ಸಂಖ್ಯೆ, 0ಯಿಂದ 65535ರವರೆಗೆ. 1995ರಲ್ಲಿ ಫಿನ್ಲೆಂಡಿನ ತಾತು ಯುಲೋನೆನ್ ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಬರೆದಾಗ, ಲಾಗಿನ್‌ಗೆ ಬಳಸುತ್ತಿದ್ದ ಟೆಲ್ನೆಟ್ ಮತ್ತು ಫೈಲ್ ಸಾಗಿಸುವ ಎಫ್‌ಟಿಪಿ ಎರಡರ ಜಾಗವನ್ನೂ ಅದು ತುಂಬಬೇಕು ಎಂಬುದು ಅವರ ಆಸೆಯಾಗಿತ್ತು. ಎಫ್‌ಟಿಪಿ ಇದ್ದದ್ದು 21ರಲ್ಲಿ, ಟೆಲ್ನೆಟ್ 23ರಲ್ಲಿ, ನಡುವಿನ 22 ಖಾಲಿ. ಪೋರ್ಟ್ ಹಂಚುವ ಐಎಎನ್‌ಎಗೆ ಒಂದು ಇಮೇಲ್ ಬರೆದು ಕೇಳಿದರು, ಸಿಕ್ಕಿಬಿಟ್ಟಿತು. ಇವತ್ತು ನಾವು ದಿನವೂ ತಟ್ಟುವ 22ರ ಚರಿತ್ರೆ ಇಷ್ಟೇ. ಆದರೆ ಸಂಖ್ಯೆ ಹಂಚಿದ್ದು ಬರೀ ಒಡಂಬಡಿಕೆ. 3306ರಲ್ಲಿ ಮೈಎಸ್‌ಕ್ಯೂಎಲ್ ಇರುತ್ತದೆ, 5432ರಲ್ಲಿ ಪೋಸ್ಟ್‌ಗ್ರೆಸ್, 3389ರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎಂಬುದು ವಾಡಿಕೆ, ಗ್ಯಾರಂಟಿಯಲ್ಲ. ಪೋರ್ಟ್ ತೆರೆದಿದೆ ಎಂದ ಮಾತ್ರಕ್ಕೆ ಅಲ್ಲಿ ನಿಮಗೆ ಬೇಕಾದವರೇ ಕೂತಿದ್ದಾರೆ ಎಂದಲ್ಲ.

ಪೋರ್ಟಿಗೂ ಮೊದಲು ಹೆಸರು ಇದೆ. ಹೆಸರಿನಿಂದ ಐಪಿ ಸಿಗಬೇಕು, ಆಮೇಲೆ ಸಿನ್. ‘ಹೋಸ್ಟ್ ಹೆಸರು ಸಿಗಲಿಲ್ಲ’ ಎಂಬ ಅರ್ಥದ ಎರರ್ ಬಂದರೆ ಪೋರ್ಟಿನ ಮಾತೇ ಎತ್ತಬೇಡಿ, ಅಲ್ಲಿಗೆ ಇನ್ನೂ ತಲುಪಿಯೇ ಇಲ್ಲ. ಇದು ಸುಲಭ. ಕಷ್ಟದ್ದು, ಹೆಸರು ಸಿಗುತ್ತದೆ, ಆದರೆ ತಪ್ಪು ಐಪಿಗೆ ಸಿಗುತ್ತದೆ. ಒಮ್ಮೆ ಸರ್ವರ್ ಬದಲಾದ ಮೇಲೂ ಒಂದೇ ಒಂದು ಯಂತ್ರ ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ‘ಡಿಗ್’ ಕೊಟ್ಟರೆ ಹೊಸ ಐಪಿ ತೋರಿಸುತ್ತಿತ್ತು. ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಸರಿ ಇದೆ ಎಂದು ಎಲ್ಲರೂ ಒಪ್ಪಿದರು. ಆದರೆ ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಪ್ರೋಗ್ರಾಂಗಳು ಹಾಗೆ ಮಾಡುವುದಿಲ್ಲ, ಅವು ಸಿಸ್ಟಮ್ಮಿನ ಕ್ರಮದಂತೆ ಹೋಗುತ್ತವೆ, ಆ ಕ್ರಮದಲ್ಲಿ ಸಾಮಾನ್ಯವಾಗಿ ‘ಹೋಸ್ಟ್ಸ್’ ಫೈಲ್ ಮೊದಲು. ಆ ಫೈಲಿನಲ್ಲಿ ಯಾರೋ ಹಿಂದೆ ಪರೀಕ್ಷೆಗೆಂದು ಬರೆದ ಒಂದು ಸಾಲು ಹಾಗೇ ಉಳಿದಿತ್ತು. ಅಂದಿನಿಂದ ನಾನು ಲಿನಕ್ಸಿನಲ್ಲಿ ‘ಗೆಟ್‌ಎಂಟ್ ಹೋಸ್ಟ್ಸ್’ ಬಳಸುತ್ತೇನೆ, ಅದು ಪ್ರೋಗ್ರಾಂ ಹಿಡಿಯುವ ದಾರಿಯನ್ನೇ ಹಿಡಿಯುತ್ತದೆ.

ಇದಕ್ಕೆ ಸೇರಿದ್ದೇ ಐಪಿ ವಿಳಾಸದ ಹೊಸ ಬಗೆಯಾದ ಐಪಿವಿ6. ‘ಇದೇ ಯಂತ್ರ’ ಎಂದು ಹೇಳುವ ‘ಲೋಕಲ್‌ಹೋಸ್ಟ್’ ಎಂಬ ಒಂದೇ ಹೆಸರಿಗೆ ಎರಡು ಅರ್ಥ: 127.0.0.1, ಮತ್ತು ಐಪಿವಿ6ನಲ್ಲಿ ::1. ಸರ್ವರ್ ಮೊದಲನೆಯದರಲ್ಲಿ ಮಾತ್ರ ಲಿಸನ್ ಮಾಡುತ್ತಾ, ಕ್ಲೈಂಟ್ ಎರಡನೆಯದಕ್ಕೆ ಹೋದರೆ ರೆಫ್ಯೂಸ್ಡ್. ಜಾವಾಸ್ಕ್ರಿಪ್ಟ್ ಓಡಿಸುವ ‘ನೋಡ್’ನ 17ನೇ ಆವೃತ್ತಿ ಹೆಸರು ಹುಡುಕಿದಾಗ ಬಂದ ವಿಳಾಸಗಳ ಕ್ರಮವನ್ನು ಮರುಜೋಡಿಸದೆ ಇದ್ದಂತೆ ಬಳಸತೊಡಗಿದಾಗ, ನಿನ್ನೆಯವರೆಗೆ ಓಡುತ್ತಿದ್ದ ಎಷ್ಟೋ ಕೋಡ್ ಈ ಕಾರಣಕ್ಕೇ ನಿಂತುಹೋಯಿತು. ಮೈಎಸ್‌ಕ್ಯೂಎಲ್ ಕ್ಲೈಂಟಿನದು ಇನ್ನೊಂದು ಬಗೆ. ಯುನಿಕ್ಸ್ ಯಂತ್ರದಲ್ಲಿ ‘ಲೋಕಲ್‌ಹೋಸ್ಟ್’ ಎಂದರೆ ಅದು ಟಿಸಿಪಿಗೆ ಹೋಗುವುದೇ ಇಲ್ಲ, ಯಂತ್ರದ ಒಳಗೇ ಮಾತಾಡಲು ಇರುವ ಸಾಕೆಟ್ ಫೈಲ್ ಹುಡುಕುತ್ತದೆ. ನೀವು 3306ನ್ನು ಪರೀಕ್ಷಿಸುತ್ತಾ ಕೂತಿರುತ್ತೀರಿ, ಅದು ಬೇರೆಯೇ ಬಾಗಿಲಲ್ಲಿ ನಿಂತಿರುತ್ತದೆ. ಅನುಮಾನ ಬಂದರೆ ಹೆಸರು ಬಿಟ್ಟು ಸಂಖ್ಯೆಯನ್ನೇ ಕೊಡಿ.

ಈಗ ಎಲ್ಲಕ್ಕಿಂತ ದಾರಿ ತಪ್ಪಿಸುವ ಬಗೆಗೆ ಬರೋಣ. ಪಿಂಗ್ ಬರುತ್ತದೆ. ಪೋರ್ಟ್ ತೆರೆದಿದೆ. ಎನ್‌ಸಿ ಗೆದ್ದೆ ಎನ್ನುತ್ತದೆ. ಆದರೂ ಲಾಗಿನ್ ಆಗುವುದಿಲ್ಲ, ನಡುವೆಯೇ ನಿಂತುಬಿಡುತ್ತದೆ. ವಿಪಿಎನ್ (ಇಂಟರ್ನೆಟ್ಟಿನ ಒಳಗೇ ಕೊರೆದ ಖಾಸಗಿ ಸುರಂಗ) ಹಾಕಿಕೊಂಡಾಗ ಮಾತ್ರ ಎಸ್‌ಎಸ್‌ಎಚ್ ಹೀಗೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ‘ವಿ’ ಆಯ್ಕೆ ಕೊಟ್ಟು ನೋಡಿದರೆ ಕೀ ವಿನಿಮಯದ ಉತ್ತರಕ್ಕೆ ಕಾಯುತ್ತಿದ್ದೇನೆ ಎಂಬಲ್ಲಿ ನಿಂತಿರುತ್ತದೆ. ಎಲ್ಲರೂ ಕೀ ಫೈಲನ್ನು ಅನುಮಾನಿಸುತ್ತಾರೆ. ನಿಜವಾದ ಕಾರಣ ಪ್ಯಾಕೆಟ್ಟಿನ ಗಾತ್ರ. ಈಥರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್‌ವರೆಗೆ ಇರಬಹುದು. ವಿಪಿಎನ್ ತನ್ನ ಹೊದಿಕೆಯನ್ನು ಸೇರಿಸುವುದರಿಂದ ಒಳಗೆ ಉಳಿಯುವ ಜಾಗ ಕಡಿಮೆ, ವೈರ್‌ಗಾರ್ಡ್ ಎಂಬ ವಿಪಿಎನ್‌ನಲ್ಲಿ ಸಾಮಾನ್ಯವಾಗಿ 1420. ಸಿನ್ ಪುಟ್ಟದು, ಪಿಂಗ್ ಪುಟ್ಟದು, ಅವು ನುಸುಳಿಹೋಗುತ್ತವೆ. ಮೊದಲ ದೊಡ್ಡ ಪ್ಯಾಕೆಟ್ ಬಂದಾಗ ರೂಟರ್ ‘ಇದು ಹಿಡಿಸುವುದಿಲ್ಲ, ಸಣ್ಣದು ಕಳಿಸಿ’ ಎಂದು ಐಸಿಎಂಪಿ ಕಳಿಸುತ್ತದೆ. ಭದ್ರತೆಯ ಹೆಸರಿನಲ್ಲಿ ಯಾರೋ ಐಸಿಎಂಪಿಯನ್ನೆಲ್ಲ ಮುಚ್ಚಿದ್ದರೆ ಆ ಮಾತು ಕಳಿಸಿದವರಿಗೆ ತಲುಪುವುದೇ ಇಲ್ಲ. ಅವರು ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತಾರೆ, ಅದು ಮತ್ತೆ ಮತ್ತೆ ಕಳೆದುಹೋಗುತ್ತದೆ.

ಪರೀಕ್ಷೆ ಸುಲಭ. ಲಿನಕ್ಸಿನ ಪಿಂಗ್‌ಗೆ ‘ತುಂಡು ಮಾಡಬೇಡ’ ಎಂದು ಹೇಳಿ 1472 ಬೈಟ್ ಕಳಿಸಿ. ಐಪಿ ಹೆಡರಿನ 20, ಐಸಿಎಂಪಿಯ 8 ಸೇರಿದರೆ ಸರಿಯಾಗಿ 1500. ಅದು ಹೋಗದೆ 1300 ಹೋದರೆ ಕಾರಣ ಸಿಕ್ಕಿತು. ವಿಪಿಎನ್ನಿನ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಇಳಿಸಿ, ಅಥವಾ ರೂಟರಿನಲ್ಲಿ ಟಿಸಿಪಿಯ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ತುಂಬುವ ಮಾಹಿತಿಯ ಗಾತ್ರ) ಮಿತಿಗೊಳಿಸಿ. ಐಸಿಎಂಪಿಯನ್ನು ಪೂರ್ತಿ ಮುಚ್ಚಬೇಡಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದೇ ಕಾರಣಕ್ಕೆ. ಪಿಂಗ್ ಬೇಡವಾದರೆ ಪಿಂಗನ್ನು ಮಾತ್ರ ನಿಲ್ಲಿಸಿ.

ಸಂಪರ್ಕವಾದ ಮೇಲೆ ಕೆಡುವ ಇನ್ನೊಂದು ಬಗೆ ಟಿಎಲ್‌ಎಸ್, ಅಂದರೆ ಮಾತನ್ನು ಗುಟ್ಟಾಗಿಟ್ಟು ಸರ್ವರಿನ ಗುರುತು ಖಚಿತಪಡಿಸುವ ಪದರ. ಅದಕ್ಕೆ ‘ಓಪನ್‌ಎಸ್‌ಎಸ್‌ಎಲ್ ಎಸ್-ಕ್ಲೈಂಟ್’ ಇದೆ. ಸರ್ವರ್ ಕೊಡುತ್ತಿರುವ ಪ್ರಮಾಣಪತ್ರ ಯಾರ ಹೆಸರಿನದು, ಅವಧಿ ಮುಗಿದಿದೆಯೇ, ಸರಪಳಿ ಪೂರ್ತಿ ಇದೆಯೇ ಎಂದು ಕಾಣುತ್ತದೆ. ಸರ್ವರ್ ಹೆಸರನ್ನು ಆಯ್ಕೆಯಾಗಿ ಕೊಡುವುದನ್ನು ಮರೆಯಬೇಡಿ, ಒಂದೇ ಐಪಿಯಲ್ಲಿ ಹಲವು ತಾಣಗಳಿದ್ದರೆ ಬೇರೊಬ್ಬರ ಪ್ರಮಾಣಪತ್ರ ಬಂದೀತು. ಕ್ಲೈಂಟ್ ಯಂತ್ರದ ಗಡಿಯಾರ ತಪ್ಪಿದ್ದರೂ ಸರಿಯಾದ ಪ್ರಮಾಣಪತ್ರ ತಪ್ಪಾಗಿ ಕಾಣುತ್ತದೆ, ಅದನ್ನೊಮ್ಮೆ ನೋಡಿಬಿಡಿ.

ಆರಂಭದಲ್ಲಿ ಚೆನ್ನಾಗಿದ್ದು, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕಡಿದುಹೋಗುವ ಸಂಪರ್ಕಗಳೂ ಇವೆ. ನಡುವೆ ಇರುವ ನ್ಯಾಟ್ (ವಿಳಾಸ ಬದಲಿಸಿ ದಾಟಿಸುವುದು), ಲೋಡ್ ಬ್ಯಾಲೆನ್ಸರ್ (ಕೋರಿಕೆಗಳನ್ನು ಹಲವು ಸರ್ವರಿಗೆ ಹಂಚುವುದು), ಫೈರ್‌ವಾಲ್‌ಗಳೆಲ್ಲ ಪ್ರತಿ ಸಂಪರ್ಕವನ್ನೂ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಬಹಳ ಹೊತ್ತು ಪ್ಯಾಕೆಟ್ ಬರದಿದ್ದರೆ ಅಳಿಸಿಬಿಡುತ್ತವೆ. ಅಮೆಜಾನ್ ಕ್ಲೌಡಿನ ನ್ಯಾಟ್ ಗೇಟ್‌ವೇಯಲ್ಲಿ ಆ ಮಿತಿ 350 ಸೆಕೆಂಡ್. ಇತ್ತ ಲಿನಕ್ಸಿನ ಟಿಸಿಪಿ ಕೀಪ್‌ಅಲೈವ್, ಪ್ರೋಗ್ರಾಂ ಅದನ್ನು ಬಳಸಿದರೂ, ಮೊದಲ ಸಲ ‘ಇದ್ದೀಯಾ’ ಎಂದು ಕೇಳುವುದು ಸುಮ್ಮನಿದ್ದು 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ಗಂಟೆ. ಅಷ್ಟರಲ್ಲಿ ನಡುವಿನವರು ಎಂದೋ ಮರೆತಿರುತ್ತಾರೆ. ರಾತ್ರಿ ಸುಮ್ಮನಿದ್ದ ಡೇಟಾಬೇಸ್ ಸಂಪರ್ಕಗಳು ಬೆಳಗಿನ ಮೊದಲ ಕೋರಿಕೆಗೆ ತೊಡರುವುದು ಹೀಗೆ. ಕೀಪ್‌ಅಲೈವ್ ಅವಧಿಯನ್ನು ನಡುವಿನ ಮಿತಿಗಿಂತ ಕಡಿಮೆ ಮಾಡಿ. ಎಸ್‌ಎಸ್‌ಎಚ್‌ಗಾದರೆ ‘ಸರ್ವರ್‌ಅಲೈವ್‌ಇಂಟರ್ವಲ್’ಗೆ 60 ಎಂದು ಬರೆದರೆ ಸಾಕು.

ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ ಎಂಬ ದೂರಿಗೆ ತಾಳ್ಮೆ ಬೇಕು. ಎರಡು ಜಾಗ ನೋಡಿ. ಸರ್ವರಿನಲ್ಲಿ ಪ್ರೋಗ್ರಾಂ ಎತ್ತಿಕೊಳ್ಳುವವರೆಗೆ ಹೊಸ ಸಂಪರ್ಕಗಳು ಒಂದು ಸಾಲಿನಲ್ಲಿ ನಿಲ್ಲುತ್ತವೆ. ಆ ಸಾಲಿನ ಗರಿಷ್ಠ ಮಿತಿ ಲಿನಕ್ಸಿನಲ್ಲಿ ಮೊದಲು 128 ಇತ್ತು, 5.4ನೇ ಕರ್ನಲ್‌ನಿಂದ 4096. ಸಾಲು ತುಂಬಿದರೆ ಹೊಸ ಸಿನ್‌ಗಳಿಗೆ ಸಾಮಾನ್ಯವಾಗಿ ಮೌನವೇ ಉತ್ತರ, ಫೈರ್‌ವಾಲ್ ಬಿಸಾಡಿದ ಹಾಗೆಯೇ ಕಾಣುತ್ತದೆ. ಕ್ಲೈಂಟ್ ಕಡೆ ನೋಡಬೇಕಾದದ್ದು ಹೊರಹೋಗುವ ಪೋರ್ಟುಗಳು. ಲಿನಕ್ಸ್ ಸಾಮಾನ್ಯವಾಗಿ 32768ರಿಂದ 60999ರವರೆಗೆ ಕೊಡುತ್ತದೆ, ಒಟ್ಟು 28232. ಕ್ಲೈಂಟೇ ಮುಚ್ಚಿದ ಸಂಪರ್ಕದ ಪೋರ್ಟ್ 60 ಸೆಕೆಂಡ್ ‘ಟೈಮ್-ವೇಟ್’ನಲ್ಲಿ, ಅಂದರೆ ಮತ್ತೆ ಬಳಕೆಗೆ ಸಿಗದೆ, ಇರುತ್ತದೆ. ಒಂದೇ ಸರ್ವರಿನ ಒಂದೇ ಪೋರ್ಟಿಗೆ ಸೆಕೆಂಡಿಗೆ 470ರ ಮೇಲೆ ಹೊಸ ಸಂಪರ್ಕ ತೆರೆದು ಮುಚ್ಚುತ್ತಾ ಹೋದರೆ ಪೋರ್ಟುಗಳೇ ಮುಗಿದುಹೋಗುತ್ತವೆ. ಆಗ ಬರುವ ಎರರ್ ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’. ಅದಕ್ಕೂ ಸರ್ವರಿಗೂ ಸಂಬಂಧವೇ ಇಲ್ಲ. ಸಂಪರ್ಕಗಳನ್ನು ಮರುಬಳಸಿ, ತೆರೆದ ಸಂಪರ್ಕಗಳ ಒಂದು ಪೂಲ್ ಇಟ್ಟುಕೊಳ್ಳಿ.

ಟಿಸಿಪಿಯ ಹಾಗೆ ಸಂಪರ್ಕ ಕಟ್ಟದೆ ಪ್ಯಾಕೆಟ್ ಕಳಿಸುವ ಯುಡಿಪಿಯ ಬಗ್ಗೆ ಒಂದೇ ಮಾತು. ಅಲ್ಲಿ ಕೈಕುಲುಕುವ ಶಾಸ್ತ್ರವೇ ಇಲ್ಲ. ಎನ್‌ಸಿ ಯುಡಿಪಿ ಪೋರ್ಟಿಗೆ ‘ಸಕ್ಸೀಡೆಡ್’ ಎಂದರೆ ‘ಬೇಡ’ ಎಂಬ ಉತ್ತರ ಬರಲಿಲ್ಲ ಎಂದಷ್ಟೇ ತಿಳಿಯಿರಿ. ಡಿಎನ್‌ಎಸ್ ಆದರೆ ನಿಜವಾದ ಡಿಎನ್‌ಎಸ್ ಪ್ರಶ್ನೆ ಕೇಳಿ ಉತ್ತರ ಬಂತೇ ನೋಡಿ.

ನಾನು ಹೇಳುತ್ತೇನೆ ಎಂದ ಆ ಎರಡು ದಿನದ ಕಥೆಗೆ ಬರುತ್ತೇನೆ. ಒಂದು ಸರ್ವರಿಗೆ ಒಂದು ವಿಭಾಗದ ಯಂತ್ರಗಳಿಂದ ಮಾತ್ರ ಟೈಮ್‌ಔಟ್, ಉಳಿದವರಿಗೆಲ್ಲ ಸರಿ. ನೆಟ್‌ವರ್ಕ್ ತಂಡ ನಾವು ಏನನ್ನೂ ತಡೆಯುತ್ತಿಲ್ಲ ಎಂದಿತು. ಸರ್ವರ್ ತಂಡ ನಮಗೆ ಏನೂ ಬರುತ್ತಿಲ್ಲ ಎಂದಿತು, ಅಪ್ಲಿಕೇಷನ್ ಲಾಗ್ ತೋರಿಸಿತು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಇಂಥ ಕಡೆ ವಾದ ನಿಲ್ಲಿಸಿ ಪ್ಯಾಕೆಟನ್ನೇ ನೋಡಬೇಕು. ಕ್ಲೈಂಟಿನಲ್ಲೂ ಸರ್ವರಿನಲ್ಲೂ ಒಂದೇ ಹೊತ್ತಿಗೆ ಟಿಸಿಪಿಡಂಪ್ ಓಡಿಸಿದೆವು. ಅದು ಎಂಬತ್ತರ ದಶಕದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಇವತ್ತಿಗೂ ಇಂಥ ಜಗಳ ಬಿಡಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಹೋಸ್ಟ್ ಮತ್ತು ಪೋರ್ಟ್ ಕೊಟ್ಟು ಸೋಸಿ ನೋಡಿದೆವು. ಕ್ಲೈಂಟಿನಿಂದ ಸಿನ್ ಹೊರಡುತ್ತಿದೆ. ಸರ್ವರಿಗೆ ಸಿನ್ ಬರುತ್ತಿದೆ. ಒಂದು, ಎರಡು, ನಾಲ್ಕು ಸೆಕೆಂಡಿನ ಅಂತರದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಸರ್ವರಿನಿಂದ ಮಾತ್ರ ಏನೂ ಹೊರಡುತ್ತಿಲ್ಲ, ಸಿನ್-ಆ್ಯಕ್ ಇಲ್ಲ, ರೀಸೆಟ್ ಕೂಡ ಇಲ್ಲ. ಆ ಯಂತ್ರದ ಫೈರ್‌ವಾಲ್ ಖಾಲಿ.

ಆಗ ಒಬ್ಬರು ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಇದೆ ಎಂಬುದನ್ನು ಗಮನಿಸಿದರು. ಸಿನ್ ಬರುತ್ತಿದ್ದದ್ದು ಎರಡನೆಯದರಲ್ಲಿ. ಸರ್ವರಿನ ರೂಟಿಂಗ್ ಪಟ್ಟಿಯ ಪ್ರಕಾರ ಆ ವಿಭಾಗಕ್ಕೆ ಉತ್ತರ ಹೋಗಬೇಕಾದದ್ದು ಮೊದಲನೆಯದರಿಂದ. ಲಿನಕ್ಸಿನಲ್ಲಿ ‘ಆರ್‌ಪಿ ಫಿಲ್ಟರ್’ ಎಂಬ ಒಂದು ಕಾವಲು ಇದೆ. ಅದನ್ನು ಬಿಗಿಯಾಗಿ ಇಟ್ಟಿದ್ದರೆ, ಉತ್ತರ ಹೋಗಬೇಕಾದ ದಾರಿಯಿಂದ ಬರದ ಪ್ಯಾಕೆಟನ್ನು ಕರ್ನಲ್ ಸುಳ್ಳು ವಿಳಾಸದ್ದೆಂದು ತಿಳಿದು ಸದ್ದಿಲ್ಲದೆ ಬಿಸಾಡುತ್ತದೆ. ಟಿಸಿಪಿಡಂಪ್ ಅದಕ್ಕಿಂತ ಮೊದಲೇ ನೋಡುತ್ತದೆ, ಆದ್ದರಿಂದ ನಮಗೆ ಸಿನ್ ಕಂಡಿತು. ಅಪ್ಲಿಕೇಷನ್ ಅದರ ನಂತರ ಇರುತ್ತದೆ, ಆದ್ದರಿಂದ ಅದಕ್ಕೆ ಕಾಣಲಿಲ್ಲ. ‘ಎನ್‌ಸ್ಟ್ಯಾಟ್’ ಕೊಟ್ಟು ಕರ್ನಲ್ ಇಟ್ಟುಕೊಂಡಿದ್ದ ಎಣಿಕೆ ನೋಡಿದೆವು, ರಿವರ್ಸ್ ಪಾತ್ ಫಿಲ್ಟರಿನ ಸಂಖ್ಯೆ ಪ್ರತಿ ಪ್ರಯತ್ನಕ್ಕೂ ಏರುತ್ತಿತ್ತು. ಆ ವಿಭಾಗಕ್ಕೆ ಎರಡನೇ ಕಾರ್ಡಿನ ಮೂಲಕ ಒಂದು ರೂಟ್ ಸೇರಿಸಿದೆವು. ಮುಂದಿನ ಸಿನ್‌ಗೆ ಸಿನ್-ಆ್ಯಕ್ ಹೊರಟದ್ದನ್ನು ತೆರೆಯ ಮೇಲೆ ಎರಡೂ ತಂಡದವರು ಒಟ್ಟಿಗೆ ನೋಡಿದರು.